ಶಟರ್ ಘಾಳೆಪ್ಪನ ಅಳತೆ ಬುಕ್ಕು

ಮುಂಜಾನಿ ಒಂಬತ್ತಕ್ಕ ಚೌಬಾರದ ಬುಡದಾಗ ನಿಂತು
ಕಣ್ಣು ಮುಚ್ಚಿಕೊಂಡ್ರೂ ಹೇಳ್ತೀನಿ ನಾ
ಯಾವ ಅಂಗಡಿ ತೆಗೀತು ಅಂತ.
ಕೆಮ್ಮಿ ಕೆಮ್ಮಿ ಏಳೋದು ಮಾಣಿಕಪ್ಪನ ಬಾಂಡೆ ಅಂಗಡಿ.
ಒಂದೇ ಉಸುರಿಗೆ ಸರ್ರಂತ ಹೋಗೋದು ನಯೀಮನ ಮೊಬೈಲಿಂದು.
ನಡುವ ತಡದು, ಎರಡು ಬೈಗುಳ ತಿಂದು ಮ್ಯಾಲ ಹೋಗೋದು
ಶಾಂತಾಬಾಯಿ ದಾರ-ಗುಂಡಿ ಅಂಗಡಿದು.
ಸ್ಪ್ರಿಂಗ್ ಬದಲು ಮಾಡ್ತೀನಿ ಬಾಯಿ, ಅಂದ್ರ
"ಮನ್ಯಾಗ ಎಲ್ಲಾರೂ ನನಗ ಬೈಯೋರೇ,
ನಾ ಬೈಲಿಕ್ಕ ಇದೊಂದೇ ಅದ, ಇರಲಿ ಬಿಡು" ಅಂತಾಳ.

ತಗಡು ಬರೋಕಿಂತ ಮೊದಲ ಹಲಗಿ ಇದ್ದವು.
ಒಂದೊಂದೇ ಸರಿಸಿ ಕೂಡಿಸೋದು, ಸುಣ್ಣದಾಗ ನಂಬರ,
ಕೆಲವು ಉರ್ದು, ಕೆಲವು ಕನ್ನಡ,
ಮಾರವಾಡಿದು ಅವನ ಸ್ವಂತ ಲಿಪಿ.
ನಮ್ಮ ಉಸ್ತಾದ ಘುಡುಸಾಬ ಅವನ್ನೆಲ್ಲ ಕಿತ್ತು ಶಟರ್ ಹಾಕಿದ,
ಕಿತ್ತ ಹಲಗಿ ತನ್ನ ಮನಿ ಮಾಡಿಗೆ ಬಡದ.
ಅಲ್ಲಿ ಮಲಗಿ ಮ್ಯಾಲ ನೋಡಿದ್ರ
ಮೂರು, ಏಳು, ಮತ್ತ ಮೂರು, ಒಂದು:
ಇಡೀ ಬಜಾರ ಗಲಿಬಿಲಿ ಆಗಿ ಮುಚ್ಚಿತ್ತು.

ಮಗಳು ಪಾರು, ಐದನೇ ಕ್ಲಾಸ.
ಸುತ್ತ ನೀರಿದ್ದ ಭೂಮಿ ದ್ವೀಪ, ಸುತ್ತ ನೀರಿದ್ದ ಭೂಮಿ ದ್ವೀಪ,
ಬಾಯಿಪಾಠ ಮಾಡಲತ್ತಿದ್ಳು.
ಸ್ಕೂಟರಿನ ಮ್ಯಾಲ ಕೂಡಿಸಿ ಕ್ವಾಟಿ ಅಂಚಿಗೆ ಒಯ್ದೆ.
ಕೆಳಗ ನೋಡವ್ವ. ನಮ್ಮ ಕೆಂಪುಕಲ್ಲು ಇಲ್ಲಿಗೆ ಮುಗೀತು,
ಮುಂದೆಲ್ಲ ಕರಿ ಎರಿ, ಶ್ರಾವಣದ ಮಂಜಿನಾಗ ಮುಳುಗೇದ.
"ನೀರೆಲ್ಲಿ?" ಅಂದ್ಳು.
ನೀರು ನಮ್ಮ ಕಾಲ ಬುಡಕ್ಕ.
ಸುರಂಗಬಾವಿಯೊಳಗ, ಕಲ್ಲಿನ ಹೊಟ್ಟಿಯೊಳಗ
ಕತ್ತಲದಾಗ ಹರದಾಡ್ತದ.
ಸುತ್ತ ಇರೋ ಬದಲಿ ನೀರು ಒಳಗಿದ್ರ ಅದಕ್ಕೇನಂತಾರ?
ಪಾರು ಬುಕ್ಕಿನಾಗ ಹುಡುಕಿದ್ಳು.
ಇರಲಿಲ್ಲ.

ವೈಜನಾಥ ಸೇಠನ ಹೊಸ ಕಾಂಪ್ಲೆಕ್ಸು, ನಾಕು ಮಾಳಿಗಿ.
ಲಿಫ್ಟಿನಾಗ ಕನ್ನಡಿ. ಜನ ಸುಮ್ಮಸುಮ್ಮನ ಹತ್ತಿ ಇಳೀತಾರ.
ನನ್ನ ಕರದದ್ದು ಜನರೇಟರ ಖೋಲಿ ಶಟರಿಗೆ ಮಾತ್ರ.
ದೊಡ್ಡ ಬಾಗಿಲು ಗಾಜಿಂದು: ತಾನೇ ತೆರೀತದ, ತಾನೇ ಮುಚ್ತದ,
ಗ್ರೀಸ್ ಹಚ್ಚಬೇಕಂದ್ರ ಎಲ್ಲಿ ಹಚ್ಚಲಿ?
ಒಂದು ನಾಯಿ ಬಂತು. ಬಾಗಿಲು ತೆರೀತು.
ಇಷ್ಟು ಮರ್ಯಾದಿ ಎಂದೂ ಕಾಣದ ನಾಯಿ
ನಾಚಿ ಹಿಂದ ಸರೀತು. ಬಾಗಿಲು ಮುಚ್ತು.
ವಾಚಮನ್ ನಕ್ಕ, ನಾನೂ ನಕ್ಕೆ.
ಅವ ಆ ಕಡಿ ಹೋದಮ್ಯಾಲ, ಖರೇ ಹೇಳ್ತೀನಿ,
ನಾನೂ ಒಂದ್ಸಲ ಹೋಗಿ ನಿಂತೆ. ತೆರೀತು.
ಒಳಗ ತಂಪಿತ್ತು.
ಪಾರುಗ ಒಂದು ಕೂದಲ ಕ್ಲಿಪ್ಪು ತಗೊಂಡೆ.
ಅದೇ ಕ್ಲಿಪ್ಪು ಶಾಂತಾಬಾಯಿ ಕಡಿ ಹತ್ತು ರೂಪಾಯಿ ಸಸ್ತಾ.
ಅಕಿಗೆ ಹೇಳಬ್ಯಾಡ್ರಿ.

ಮನಿಗೆ ಹೋಗೋ ದಾರ್ಯಾಗ ಗವಾನನ ಮದರಸಾ.
ಒಂದೇ ಮಿನಾರು. ನೀಲಿ ಹಂಚು ಅಲ್ಲಲ್ಲಿ,
ಅವಸರದಾಗ ಮುಖ ತೊಳಕೊಂಡವರ ಕಿವಿ ಹಿಂದ
ಉಳಿದ ಸಾಬೂನಿನಂಗ.
ಗೇಟಿನ ಧೂಳಪ್ಪ ಕೂಗಿದ: ಬಾರೋ, ಇದು ಕಿರ್ ಅಂತದ, ಎಣ್ಣಿ ಬಿಡು.
ಬಿಟ್ಟು ಒಳಗ ಹೋದೆ.
ಮದ್ದು ಸಿಡಿದು ಹಾರಿಹೋದ ಕಡಿಯಿಂದ
ಗಾಳಿ ಯಾರನ್ನೂ ಕೇಳದೆ ಬರಲತ್ತಿತ್ತು.
ಕಮಾನಿಗೆ ಹಲಗಿಲ್ಲ, ತಗಡಿಲ್ಲ, ಗಾಜಿಲ್ಲ,
ಎರಡು ಪಾರಿವಾಳ ಮಾತ್ರ.
ಕೈ ತಡೀಲಿಲ್ಲ ನೋಡ್ರಿ, ಟೇಪು ಹಿಡದೆ.
ಅಗಲ ಹನ್ನೊಂದು ಫೂಟು ನಾಕು ಇಂಚು.
ಎತ್ತರಕ್ಕ ಟೇಪು ಸಾಲಲಿಲ್ಲ.
ಬುಕ್ಕಿನಾಗ ಬರ್ಕೊಂಡೆ,
ಗಿರಾಕಿ ಹೆಸರಿನ ಜಾಗಾ ಖಾಲಿ ಬಿಟ್ಟೆ.

"ಏನೋ, ಇದಕ್ಕೂ ಶಟರ್ ಹಾಕ್ತಿಯೇನು?" ಅಂದ ಧೂಳಪ್ಪ.
ಏನು ಹೇಳಬೇಕೋ ತಿಳೀಲಿಲ್ಲ.
ಎಣ್ಣಿ ರೊಕ್ಕ ಅವ ಕೊಡಲಿಲ್ಲ, ಚಹಾ ತರಿಸಿದ.
ಕುಡಿದು ಹೊರಗ ಬರೋವಾಗ
ಗೇಟು ಮತ್ತ ಕಿರ್ ಅಂತು,
ಮೊದಲಿಗಿಂತ ಒಂಚೂರು ಸಣ್ಣ ದನಿಯಾಗ.